ಟೆಂಟರ್ ಚಕ್ರಪಾಣಿ ಮತ್ತು ಹಳದಿ ಬಟ್ಟೆ

ನೈರೋಬಿಯ ಕನ್ನಡಿಗರು ಚಕ್ರಪಾಣಿಯವರನ್ನು ಬೆನ್ನ ಹಿಂದೆ 'ಟೆಂಟರ್ ಚಕ್ರಪಾಣಿ' ಎನ್ನುತ್ತಿದ್ದರು. ಎದುರಿಗೆ 'ಸಾರ್'. ಬೆನ್ನ ಹಿಂದಿನ ಹೆಸರು ಅವರ ಕಿವಿಗೂ ಬಿದ್ದಿತ್ತು. ಇನ್ನೊಬ್ಬರಾಗಿದ್ದರೆ ಬೇಜಾರು ಮಾಡಿಕೊಳ್ಳುತ್ತಿದ್ದರೋ ಏನೋ. ಇವರು ಅದನ್ನು ಬಿರುದು ಎಂದೇ ಭಾವಿಸಿ, ಕನ್ನಡ ಸಂಘದವರು ಯಾವತ್ತಾದರೂ ಒಂದು ಶಾಲಿನ ಜೊತೆ ಸೇರಿಸಿ ಕೊಟ್ಟಾರು ಎಂದು ಕಾಯುತ್ತಿದ್ದರು.

ಚಕ್ರಪಾಣಿ ದಾವಣಗೆರೆಯವರು. ಜವಳಿ ಎಂಜಿನಿಯರಿಂಗ್ ಓದಿ, ಊರಿನ ಮಿಲ್ಲು ಬಾಗಿಲು ಹಾಕಿದ ಮೇಲೆ ಕೀನ್ಯಾಕ್ಕೆ ಬಂದವರು. ಇಂಡಸ್ಟ್ರಿಯಲ್ ಏರಿಯಾದಲ್ಲಿ ಗುಜರಾತಿ ಶೇಠ್ ಒಬ್ಬರ ಬಟ್ಟೆ ಮಿಲ್ಲಿನ ಫಿನಿಶಿಂಗ್ ವಿಭಾಗಕ್ಕೆ ಮುಖ್ಯಸ್ಥರು. ಅಲ್ಲಿ ಅವರ ಅಧೀನದಲ್ಲಿದ್ದ ದೊಡ್ಡ ಯಂತ್ರದ ಹೆಸರು ಸ್ಟೆಂಟರ್. ರೈಲಿನ ಬೋಗಿಯಷ್ಟು ಉದ್ದ. ಒದ್ದೆ ಬಟ್ಟೆಯ ಎರಡೂ ಅಂಚನ್ನು ಸಾಲು ಮುಳ್ಳುಗಳಿಗೆ ಸಿಕ್ಕಿಸಿ, ಅಗಲಕ್ಕೂ ಉದ್ದಕ್ಕೂ ಎಳೆದು ಹಿಡಿದು, ಬಿಸಿಗಾಳಿಯಲ್ಲಿ ಒಣಗಿಸಿ ಆಚೆ ಕಡೆ ಹಾಕುತ್ತದೆ. ಅಷ್ಟೇ ಅದರ ಕೆಲಸ. ಅಷ್ಟೇ ಆಗಿದ್ದರೆ ಚಕ್ರಪಾಣಿಯೂ ಎಲ್ಲರಂತೆ ಸುಮ್ಮನಿರುತ್ತಿದ್ದರು.

ಒಮ್ಮೆ ಮಿಲ್ಲಿನವರು ಹಳೆಯ ಯಂತ್ರ ನೋಡಿ ಬರಲೆಂದು ಅವರನ್ನು ಇಂಗ್ಲೆಂಡಿಗೆ ಕಳಿಸಿದರು. ಯಂತ್ರ ಸರಿಯಿರಲಿಲ್ಲ. ಆದರೆ ಯಂತ್ರ ತೋರಿಸಲು ಬಂದ ಮುದುಕ ಊಟದ ಹೊತ್ತಿನಲ್ಲಿ ಒಂದು ಮಾತು ಹೇಳಿದ: ಸ್ಟೆಂಟರ್ ಎಂಬ ಹೆಸರು ಬಂದದ್ದು 'ಟೆಂಟರ್' ಎಂಬ ಪದದಿಂದ, ಅದಕ್ಕೆ ಆರೇಳು ನೂರು ವರ್ಷ ವಯಸ್ಸು. ಆಗಿನ ಕಾಲದಲ್ಲಿ ಉಣ್ಣೆಯ ಬಟ್ಟೆಯನ್ನು ನೀರಲ್ಲಿ ಹಾಕಿ ತುಳಿದು, ಹೊಲದಲ್ಲಿ ನಿಲ್ಲಿಸಿದ ಉದ್ದನೆಯ ಮರದ ಚೌಕಟ್ಟಿಗೆ ಕೊಕ್ಕೆಗಳಿಂದ ಸಿಕ್ಕಿಸಿ ಒಣಗಿಸುತ್ತಿದ್ದರು. ಆ ಚೌಕಟ್ಟೇ ಟೆಂಟರ್. ಚೌಕಟ್ಟು ನಿಂತ ಬಯಲಿಗೂ ಅದೇ ಹೆಸರು. ಏನಾಗುತ್ತದೋ ಎಂದು ಜೀವ ಹಿಡಿದುಕೊಂಡು ಕಾಯುವವನನ್ನು ಇಂಗ್ಲಿಷಿನವರು ಇವತ್ತಿಗೂ 'ಟೆಂಟರಿನ ಕೊಕ್ಕೆಗೆ ಸಿಕ್ಕಿದವನು' ಎನ್ನುತ್ತಾರೆ. ಮಿಲ್ಲುಗಳು ಬಂದ ಮೇಲೆ ಯಂತ್ರ ನೋಡಿಕೊಳ್ಳುವ ಆಳಿಗೂ ಟೆಂಟರ್ ಎಂದರು. ಆ ಕೊನೆಯ ಪದದ ಬೇರು ಬೇರೆ ಎಂದು ಬಲ್ಲವರು ಹೇಳುತ್ತಾರೆ. ಚಕ್ರಪಾಣಿ ಬಲ್ಲವರನ್ನು ಹತ್ತಿರ ಬಿಟ್ಟುಕೊಳ್ಳುತ್ತಿರಲಿಲ್ಲ.

ಮನುಷ್ಯ ವಿದೇಶದಿಂದ ಚಾಕೊಲೇಟು ತರುತ್ತಾನೆ, ಸೆಂಟು ತರುತ್ತಾನೆ. ಇವರು ಒಂದು ಪದ ತಂದರು. ಚಾಕೊಲೇಟು ಮುಗಿಯುತ್ತದೆ.

ಅಲ್ಲಿಂದಾಚೆಗೆ ನೈರೋಬಿಯಲ್ಲಿ ಕನ್ನಡಿಗರ ಒಂದು ನಾಮಕರಣ, ಒಂದು ಸತ್ಯನಾರಾಯಣ ಪೂಜೆ ಟೆಂಟರ್ ಇಲ್ಲದೆ ಮುಗಿದದ್ದಿಲ್ಲ. ಕಿಲಿಮಾನಿಯ ಫ್ಲ್ಯಾಟೊಂದರ ಗೃಹಪ್ರವೇಶದಲ್ಲಿ, ಕೈಯಲ್ಲಿ ತಟ್ಟೆ ಹಿಡಿದು ಕೋಸಂಬರಿಗೆ ನಿಂತವರ ನಡುವೆ ಅವರು ಗಂಟಲು ಸರಿಮಾಡಿಕೊಂಡದ್ದೇ ತಡ, ಸಂಘದ ಅಧ್ಯಕ್ಷ ವಿಶ್ವನಾಥ ಕೈ ಮುಗಿದ.

"ಸಾರ್, ಪ್ಲೀಸ್. ಇನ್ನೂ ಪಲ್ಯ ಬಂದಿಲ್ಲ. ಹೊಟ್ಟೆ ತುಂಬಿದ್ಮೇಲೆ ಎಳೀರಿ ನಮ್ಮನ್ನ."

"ನಗ್ರಿ ನಗ್ರಿ. ಟೆಂಟರಿಂದ ಬಟ್ಟೆ ಕದ್ದವನಿಗೆ ಏನ್ ಮಾಡ್ತಿದ್ರು ಗೊತ್ತೇನ್ರೀ ವಿಶ್ವನಾಥ್?"

"ನೇಣು ಸಾರ್. ಹೋದ ತಿಂಗಳೂ ಅವನಿಗೆ ನೇಣೇ ಆಗಿತ್ತು."

"ಮತ್ತೆ, ಅಳತೆ ಹೆಚ್ಚಾಗ್ಲಿ ಅಂತ ಬಟ್ಟೆನ ಮಿತಿ ಮೀರಿ ಎಳೆದವನಿಗೆ?"

ಇದಕ್ಕೂ ಉತ್ತರ ಎಲ್ಲರಿಗೂ ಗೊತ್ತಿತ್ತು. ಹಾಗೆ ಎಳೆದ ಬಟ್ಟೆ ಒಗೆದೊಡನೆ ಕುಗ್ಗಿ ಕೊಂಡವನ ಬಾಯಿಗೆ ಮಣ್ಣು ಹಾಕುತ್ತಿತ್ತು. ಅದಕ್ಕೇ ರಾಜನೇ ಕಾಯಿದೆ ಮಾಡಿ, ಬಟ್ಟೆ ಜಪ್ತಿ ಮಾಡಿಸಿ ದಂಡ ಹಾಕಿಸುತ್ತಿದ್ದ. ಇದನ್ನು ಹೇಳುವಾಗ ಚಕ್ರಪಾಣಿಯವರ ದನಿ ತಾನಾಗಿ ಗಂಭೀರವಾಗುತ್ತಿತ್ತು. ಕೇಳಿದವರಿಗೆ ಆ ಕಾಯಿದೆಯ ಕರಡು ಇವರೇ ತಿದ್ದಿಕೊಟ್ಟಿರಬೇಕು ಅನ್ನಿಸುತ್ತಿತ್ತು. ಮಗಳು ನಿಕಿತಾ ಮಾತ್ರ ಸೋಫಾದಿಂದಲೇ "ಅಪ್ಪಾ, ನಾಟ್ ಅಗೇನ್" ಎಂದು ಮುಖಕ್ಕೆ ದಿಂಬು ಒತ್ತಿಕೊಳ್ಳುತ್ತಿದ್ದಳು.

ಇಷ್ಟೆಲ್ಲ ವಿದ್ಯೆಯಿದ್ದವರಿಗೆ ಬದುಕಿನಲ್ಲಿ ಕಡಿಮೆಯಾಗಿದ್ದದ್ದು ಒಂದು ಕುರ್ಚಿ. ಮಿಲ್ಲಿನ ಜನರಲ್ ಮ್ಯಾನೇಜರು ನಿವೃತ್ತರಾಗಿ ರಾಜಕೋಟಿಗೆ ಹೋಗಿದ್ದರು. ಎತ್ತರದ ಬೆನ್ನಿನ ಅವರ ಕುರ್ಚಿ ಗಾಜಿನ ಕೋಣೆಯಲ್ಲಿ ಖಾಲಿ ಇತ್ತು. ಒಂದು ದಿನ ಎಲ್ಲರೂ ಊಟಕ್ಕೆ ಹೋದಾಗ ಚಕ್ರಪಾಣಿ ಒಳಗೆ ಹೋಗಿ ಕೂತು ನೋಡಿದ್ದರು. ಅದು ತಿರುಗುತ್ತಿತ್ತು. ಅವತ್ತು ಮನೆಗೆ ಬಂದು ಹೆಂಡತಿ ಇಂದುವಿಗೆ ಆ ಸಂಗತಿಯನ್ನು ವಿಸ್ತಾರವಾಗಿ ವರ್ಣಿಸಿದರು.

"ಕುರ್ಚಿ ಅಂದ್ಮೇಲೆ ತಿರುಗುತ್ತೆ," ಎಂದಳು ಇಂದು. "ಕೂತೋರೂ ತಿರುಗ್ತಾರೆ. ಕೈ ತೊಳ್ಕೊಳ್ಳಿ."

ಸೆಪ್ಟೆಂಬರಿನಲ್ಲಿ ಶೇಠ್ ಹಸ್ಮುಖ್‌ಭಾಯಿ ಅವರನ್ನು ಕರೆಸಿದರು. ಹಸ್ಮುಖ್‌ಭಾಯಿ ರುಂಡಾ ಬಡಾವಣೆಯ ದೊಡ್ಡ ಬಂಗಲೆಯವರು. ಕೋಪ ಬಂದಷ್ಟೂ ಮೆತ್ತಗೆ, ನಗುನಗುತ್ತ ಮಾತಾಡುವ ಪೈಕಿ. ಅವರ ಮಾತು ಗುಜರಾತಿ ಬೆರೆತ ಹಿಂದಿ. ಅದರ ಸಾರವನ್ನಷ್ಟೇ ಇಲ್ಲಿ ಕನ್ನಡದಲ್ಲಿ ಕೊಡಬಹುದು, ಆ ನಗುವನ್ನು ಕೊಡಲಾಗದು.

"ಚಕ್ರಪಾಣಿಜಿ, ಶಾಲೆಯವರ ಹಳದಿ ಶರ್ಟಿನ ಆರ್ಡರ್ ಇದೆಯಲ್ಲ. ಜನವರಿಗೆ ಮಕ್ಕಳ ಮೈಮೇಲಿರಬೇಕು. ನೂಲಿನ ಕಂಟೇನರ್ ಮೊಂಬಾಸಾ ಬಂದರಿನಲ್ಲಿ ಕೂತುಬಿಟ್ಟಿದೆ. ಇರುವ ಬಟ್ಟೆ ಸಾಲುವುದಿಲ್ಲ."

"ಸಾಲೂದಿಲ್ಲ ಶೇಠ್‌ಜಿ."

"ನಿಮ್ಮಂಥ ಟೆಂಟರ್ ಪಂಡಿತರು ಇರುವಾಗ ಸಾಲುವುದಿಲ್ಲ ಅಂದರೆ ಹೇಗೆ? ಸ್ವಲ್ಪ ಪ್ರೀತಿಯಿಂದ ಎಳೆದರೆ ಬರುತ್ತದೆ. ಎಷ್ಟು ಅಂತ ನಾನು ಹೇಳುವುದಿಲ್ಲ. ನಾನು ಏನೂ ಹೇಳಿಯೇ ಇಲ್ಲ." ಶೇಠ್ ಗಾಜಿನ ಕೋಣೆಯತ್ತ ನೋಡಿದರು. "ಆ ಕುರ್ಚಿಗೆ ಧೂಳು ಹಿಡಿಯುತ್ತಿದೆ. ಹೊಸ ವರ್ಷಕ್ಕೆ ಹೆಸರು ಘೋಷಿಸೋಣ ಅಂತಿದ್ದೇನೆ."

ರಾಜನ ಕಾಯಿದೆ ಚಕ್ರಪಾಣಿಯವರಿಗೆ ನೆನಪಾಗಲಿಲ್ಲ ಎನ್ನುವಂತಿಲ್ಲ. ನೆನಪಾಯಿತು. ಆದರೆ ಆ ರಾಜ ಸತ್ತು ನೂರಾರು ವರ್ಷವಾಗಿತ್ತು, ಶೇಠ್ ಬದುಕಿದ್ದರು.

ಸ್ಟೆಂಟರಿನ ಮೇಲೆ ಆ ವಾರದ ಶಿಫ್ಟು ಸೂಪರ್‌ವೈಸರ್ ಡೆಂಜಿಲನದು. ಕಾರ್ಕಳದ ಹುಡುಗ. ಮೂರು ವರ್ಷದಿಂದ ಚಕ್ರಪಾಣಿಯವರ ಕೈಕೆಳಗೆ ಕೆಲಸ. ಆ ಆಗಸ್ಟಿನಲ್ಲಷ್ಟೇ ಹೆಂಡತಿ ಫ್ಲೇವಿಯಾಳನ್ನು ಊರಿನಿಂದ ಕರೆಸಿಕೊಂಡಿದ್ದ. ಒಳ್ಳೆಯ ಕಂಠವಿದ್ದುದರಿಂದ ಕನ್ನಡ ಸಂಘದ ಮೇಳದಲ್ಲಿ ಹಾಡುತ್ತಿದ್ದ. ಟೆಂಟರ್ ಪುರಾಣವನ್ನು ಮೊದಲಿನಿಂದ ಕೊನೆವರೆಗೆ ಆಕಳಿಸದೆ ಕೇಳಿದ ಏಕೈಕ ವ್ಯಕ್ತಿಯೂ ಅವನೇ. ಚಕ್ರಪಾಣಿ ಅವನನ್ನು ಬಾಯ್ತುಂಬ 'ನನ್ನ ಶಿಷ್ಯ' ಎನ್ನುತ್ತಿದ್ದರು.

ಅವನಿಗೆ ಅಪ್ಪಣೆ ಬಾಯಿಮಾತಿನಲ್ಲೇ ಹೋಯಿತು. ಎಳೆತ ಹೆಚ್ಚಿಸು, ಅಗಲಕ್ಕೂ, ಉದ್ದಕ್ಕೂ.

"ಸರ್, ಇಷ್ಟು ಎಳೆದ್ರೆ ಒಗೆದ ಕೂಡ್ಲೇ ವಾಪಸ್ ಹೋಗ್ತದಲ್ವಾ? ನೀವೇ ಹೇಳಿದ್ದು. ಆ ರಾಜ..."

"ಡೆಂಜಿಲ್, ರಾಜನ್ನ ಬಿಡು. ಇಲ್ಲಿ ಮ್ಯಾನೇಜರ್ ಯಾರು?"

"ನೀವೇ ಸರ್."

"ಮತ್ತೆ?"

ಡೆಂಜಿಲ್ ಗುಂಡಿ ತಿರುಗಿಸಿದ. ಮುಳ್ಳುಗಳ ಮೇಲೆ ಹಳದಿ ಬಟ್ಟೆ ತಂಬೂರಿಯ ತಂತಿಯಂತೆ ಬಿಗಿದುಕೊಂಡು ಬಿಸಿಗಾಳಿಯ ಗೂಡಿನೊಳಗೆ ಹೋಯಿತು. ಆಚೆ ಕಡೆ ಬಂದಾಗ ಅಗಲವಾಗಿತ್ತು, ನಯವಾಗಿತ್ತು, ನೋಡಲು ಎಷ್ಟು ಚೆನ್ನಾಗಿತ್ತೆಂದರೆ ಚಕ್ರಪಾಣಿಯವರಿಗೇ ಅದರ ಮೇಲೆ ನಂಬಿಕೆ ಬಂದುಬಿಟ್ಟಿತು.

ಇಲ್ಲಿಗೆ ನಿಂತಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ, ಕನಿಷ್ಠ ಮಕ್ಕಳು ಶರ್ಟು ಒಗೆಸುವ ತನಕ. ಆದರೆ ನವೆಂಬರಿನಲ್ಲಿ ರಾಜ್ಯೋತ್ಸವ ಬಂತು. ಮೇಳದ ಗಂಡಸರಿಗೆ ಒಂದೇ ಥರದ ಹಳದಿ ಜುಬ್ಬಾ, ಮೇಲೆ ಕೆಂಪು ಶಲ್ಯ ಬೇಕೆಂದು ಸಭೆಯಲ್ಲಿ ಮಾತು ಬಂದಾಗ, ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿಕೊಂಡಾಗ, ಒಂದು ಕೈ ಮೇಲೆದ್ದಿತು.

"ಬಟ್ಟೆ ನಮ್ಮ ಮಿಲ್ಲಿಂದು. ನನ್ನ ಕಾಣಿಕೆ ಅಂತ ತಿಳ್ಕೊಳ್ರಿ."

ಚಪ್ಪಾಳೆಯಾಯಿತು. ಚಪ್ಪಾಳೆ ಚಕ್ರಪಾಣಿಯವರ ಬುದ್ಧಿಗೆ ಯಾವತ್ತೂ ಒಗ್ಗುತ್ತಿರಲಿಲ್ಲ. ಆ ಭರದಲ್ಲಿ ಅವರು ಹಸ್ಮುಖ್‌ಭಾಯಿಯವರನ್ನೇ ಮುಖ್ಯ ಅತಿಥಿಯಾಗಿ ಕರೆತರುವುದಾಗಿಯೂ, ತಾವು 'ಒಂದು ಪದದ ಚರಿತ್ರೆ' ಎಂಬ ವಿಷಯವಾಗಿ ನಾಲ್ಕು ಮಾತಾಡುವುದಾಗಿಯೂ ಒಪ್ಪಿಕೊಂಡರು. ಎರಡನೆಯದನ್ನು ಯಾರೂ ಕೇಳಿರಲಿಲ್ಲ. ಮಿಲ್ಲಿನಲ್ಲಿ ಕೈಗೆ ಸಿಗುವ ಹಳದಿ ಎಂದರೆ ಆ ಎಳೆದ ಬಟ್ಟೆಯೇ, ಆದರೆ ಹೊಸ ಬಟ್ಟೆಯನ್ನು ಯಾರಾದರೂ ಒಗೆದು ಹಾಕಿಕೊಳ್ಳುತ್ತಾರೆಯೇ? ಒಂದು ಸಂಜೆಯ ಮಾತು. ಆಮೇಲೆ ಕುಗ್ಗಿದರೆ ಅದು ಅವರವರ ವಾಷಿಂಗ್ ಮೆಶಿನ್ನಿನ ಪಾಪ. ಶೇಠ್ ಎದುರು ಸಾಲಾಗಿ ನಿಂತ ಹಳದಿ ಜುಬ್ಬಾಗಳು ಅವರ ಕಣ್ಣ ಮುಂದೆ ಬಂದವು. ಅವುಗಳ ಹಿಂದೆ ಕುರ್ಚಿ.

ಎನ್‌ಗಾರಾದ ಫುಂಡಿ, ಅಂದರೆ ಟೈಲರ್, ಒಬ್ಬೊಬ್ಬರ ಮೈಗೂ ಅಳತೆ ಹಿಡಿದು ಹೊಲಿದುಕೊಟ್ಟ. ಶುಕ್ರವಾರ ಜುಬ್ಬಾ ಹಂಚಿದರು. ಶನಿವಾರ ಬೆಳಗ್ಗೆ ಡೆಂಜಿಲನ ಫೋನು.

"ಸರ್, ಶ್ರೀರಂಜನಿ ಅಕ್ಕ ಗ್ರೂಪಿನಲ್ಲಿ ಮೆಸೇಜ್ ಹಾಕಿದ್ದಾರೆ. ಎಲ್ರೂ ಜುಬ್ಬಾ ಒಗ್ದು ಒಣಗಿಸಿಯೇ ಹಾಕ್ಬೇಕಂತೆ. ಏನು ಮಾಡುದು?"

ಶ್ರೀರಂಜನಿ ಮೇಳದ ಮುಖ್ಯಸ್ಥೆ, ಮೈಸೂರಿನವರು. ಸ್ವರದಲ್ಲೂ ಮಡಿಯಲ್ಲೂ ಒಂದೆಳೆ ಅತ್ತಿತ್ತ ಆಗುವಂತಿರಲಿಲ್ಲ. ಮೇಳದ ಗಂಡಸರೇ ಭುವನೇಶ್ವರಿಯ ಪಟವನ್ನು ಹೊತ್ತು ವೇದಿಕೆಗೆ ತರುವುದೆಂದು ಆಗಿತ್ತು. ಇದೊಂದನ್ನು ಚಕ್ರಪಾಣಿ ಮರೆತಿದ್ದರು. ಲುಂಗಿಯಲ್ಲೇ ಬಾಲ್ಕನಿಗೆ ಓಡಿ ಫೋನು ಹಚ್ಚಿದರು.

"ಶ್ರೀರಂಜನಿಯವ್ರೇ, ಹೊಸ ಬಟ್ಟೆ ಅಲ್ರೀ? ಯಾಕ್ ಸುಮ್ನೆ ಒಗೆಯೋದು? ಮಿಲ್ಲಲ್ಲಿ ನೀಟಾಗಿ ತೊಳೆದೇ ಬಂದಿರ್ತೈತಿ."

"ಮಿಲ್ಲಲ್ಲಿ ಚಪ್ಪಲಿ ಹಾಕ್ಕೊಂಡು ತೊಳೀತಾರೋ, ಬಿಟ್ಟು ತೊಳೀತಾರೋ ಸಾರ್?"

"ಅದು... ಶೂಸ್ ಹಾಕ್ಕೊಂಡಿರ್ತಾರೆ. ಸೇಫ್ಟಿ."

"ಆಮೇಲೆ ಆ ಫುಂಡಿ ನೆಲದ ಮೇಲೆ ಹರಡಿ ಕತ್ತರಿಸಿದ್ದು ನಾನೇ ಕಣ್ಣಾರೆ ನೋಡಿದೀನಿ. ಅಮ್ಮನವರ ಪಟ ಮುಟ್ಟೋದು ಸಾರ್. ಮೈಲಿಗೇಲಿ ಮುಟ್ಟಕ್ಕಾಗತ್ತಾ?"

ಚಕ್ರಪಾಣಿ ಬಾಲ್ಕನಿಯ ಕಂಬಿ ಹಿಡಿದುಕೊಂಡರು. ಕಡೆಯ ಬಾಣ ಬಿಟ್ಟರು. "ಒಗೆದ್ರೆ ಬಣ್ಣ ಬಿಟ್ರೂ ಬಿಡಬಹುದು, ಅದಕ್ಕೇ ಹೇಳ್ದೆ."

"ಬಣ್ಣ ಬಿಡತ್ತಾ?" ಆ ಕಡೆಯ ದನಿ ಒಂದು ಸ್ವರ ಮೇಲೇರಿತು. "ಏನ್ ಸಾರ್ ಹಾಗಂದ್ರೆ, ಬಣ್ಣ ಬಿಡೋ ಬಟ್ಟೆನ ಕೊಟ್ರಾ ತಾಯಿ ಕೆಲಸಕ್ಕೆ?"

ಇಲ್ಲಿ ಅವರು ಹೌದು ಎಂದಿದ್ದರೆ ಸಾಕಿತ್ತು. ಆ ಎರಡಕ್ಷರದ ಅವಮಾನ ನುಂಗಿಕೊಂಡಿದ್ದರೆ ಶ್ರೀರಂಜನಿ ಜುಬ್ಬಾಗಳ ಮೇಲೆ ಎರಡು ಹನಿ ಅರಿಶಿನದ ನೀರು ಪ್ರೋಕ್ಷಿಸಿ ಕೈಬಿಡುತ್ತಿದ್ದರು. ಆದರೆ ಚಕ್ರಪಾಣಿಯವರೊಳಗಿನ ಮ್ಯಾನೇಜರು ಭುಸ್ಸೆಂದು ಹೆಡೆ ಎತ್ತಿದ.

"ನಮ್ಮ ಮಿಲ್ಲಿನ ಬಣ್ಣ? ಬಿಡೋದಾ? ಏನ್ರೀ ಮಾತಾಡ್ತೀರಿ! ಕುದಿಸಿ ನೋಡ್ರಿ ಬೇಕಾದ್ರೆ!"

"ಸರಿ ಸಾರ್, ಬಿಸಿನೀರಲ್ಲೇ ಒಗೀರಿ ಅಂತ ಹೇಳ್ತೀನಿ," ಎಂದು ಆಕೆ ಫೋನು ಇಟ್ಟರು.

ಬಿಸಿನೀರಿನಲ್ಲಿ ಏನಾಗುತ್ತದೆಂದು ಊಹಿಸಲು ಜವಳಿ ಎಂಜಿನಿಯರಿಂಗ್ ಬೇಕಿರಲಿಲ್ಲ. ಇದ್ದದ್ದರಿಂದ ಸಂಕಟ ಹೆಚ್ಚಾಯಿತು. ಡೆಂಜಿಲನಿಗೆ ತಿರುಗಿ ಫೋನು ಮಾಡಿ, "ನೀನೂ ಒಗೀ. ಯಾರಿಗೂ ಏನೂ ಹೇಳ್ಬೇಡ. ನಾನದೀನಿ" ಎಂದರು. ಡೆಂಜಿಲ್ "ಆಯ್ತು ಸರ್" ಎಂದ. ಅವನು ನಂಬಿದ ಎಂಬುದೇ ಮುಂದಿನ ಕಥೆಗೆಲ್ಲ ಕಾರಣ.

ಭಾನುವಾರ ಪಾರ್ಕ್‌ಲ್ಯಾಂಡ್ಸಿನ ಹಾಲಿನಲ್ಲಿ ಪರದೆ ಸರಿಯಿತು. ಭುವನೇಶ್ವರಿಯ ಪಟ ಹೊತ್ತು ಗಂಡಸರ ಮೇಳ ಒಳಬಂತು. ಮೊದಲು ಒಂದು ಮಗು ನಕ್ಕಿತು. ತೋಳುಗಳು ಮೊಣಕೈಯ ಹತ್ತಿರ ಹೋಗಿ ನಿಂತಿದ್ದವು. ಗುಂಡಿಗಳ ನಡುವೆ ಬನಿಯನ್ನು ಇಣುಕುತ್ತಿತ್ತು. ಮುಂದಿದ್ದ ಬ್ಯಾಂಕ್ ಮ್ಯಾನೇಜರರ ಹೊಟ್ಟೆ ತನ್ನ ಸ್ವಾತಂತ್ರ್ಯವನ್ನು ಸಾರುತ್ತಿತ್ತು. ಪಟ ಇಳಿಸಲು ಎಲ್ಲರೂ ಒಟ್ಟಿಗೆ ಬಾಗಿದಾಗ ಪರ್ರೆಂದು ಒಂದು ಸದ್ದಾಯಿತು. ಅದು ಯಾರ ಬೆನ್ನು ಎಂಬುದು ಆರತಿ ಎತ್ತುವಾಗ ಹಿಂದಿನ ಸಾಲಿನವರಿಗೆ ತಿಳಿಯಿತು. ಪ್ರಾರ್ಥನೆಯ ಎತ್ತರದ ಸ್ವರಕ್ಕೆ ಉಸಿರು ಎಳೆದುಕೊಳ್ಳಲು ಹೆದರಿ ಮೇಳವೆಲ್ಲ ಕೆಳಗೇ ನಿಂತಿತು. ಡೆಂಜಿಲ್ ಒಬ್ಬನೇ, ಕತ್ತಿನ ಗುಂಡಿ ಬಿಚ್ಚಿಕೊಂಡು, ಕಣ್ಣುಮುಚ್ಚಿ ಹಾಡಿದ.

ಚಹಾ ವಿರಾಮದಲ್ಲಿ, ತಾನೂ ಮೇಳದಲ್ಲಿ ಹಾಡಿದ್ದ ವಿಶ್ವನಾಥ ಬಿಗಿದ ಜುಬ್ಬಾದಲ್ಲಿ ಕುತ್ತಿಗೆ ಅಲ್ಲಾಡಿಸಲಾರದೆ, ಇಡೀ ಮೈ ತಿರುಗಿಸಿಕೊಂಡು ಬಂದ.

"ಶೇಠ್‌ಜಿ, ನಿಮ್ಮ ಮಿಲ್ಲಿನ ಬಟ್ಟೇನೇ ಇದು! ನಮ್ಮ ಟೆಂಟರ್ ಸಾರ್ ಕಾಣಿಕೆ! ನನ್ನ ಮಗನಿಗೆ ಸರಿಯಾಗಿದೆ, ಮುಂದಿನ ವರ್ಷ ಇನ್ನೊಂದ್ಸಲ ಒಗೆದ್ರೆ ಬೆಕ್ಕಿಗೂ ಆಗತ್ತೆ!"

ಸುತ್ತ ನಿಂತವರೆಲ್ಲ ನಕ್ಕರು. ಅವರಲ್ಲಿ ಬೇರೆ ಮಿಲ್ಲುಗಳವರಿದ್ದರು, ಬ್ಯಾಂಕಿನವರಿದ್ದರು. ಹಸ್ಮುಖ್‌ಭಾಯಿಯೂ ನಕ್ಕರು. ಪಕ್ಕದಲ್ಲಿ ಚಹಾದ ಲೋಟ ಹಿಡಿದು ನಿಂತಿದ್ದ ಡೆಂಜಿಲನ ತೋಳಿನ ಅಂಚನ್ನು ಎರಡು ಬೆರಳಲ್ಲಿ ಹಿಡಿದು ಹೊಸಕಿ ನೋಡಿದರು. ಏನಾಗಿದೆಯೆಂದು ಅವರಿಗಿಂತ ಚೆನ್ನಾಗಿ ಬಲ್ಲವರಿರಲಿಲ್ಲ. ತುಂಬ ಮೆತ್ತಗೆ ಕೇಳಿದರು:

"ಚಕ್ರಪಾಣಿಜಿ, ಈ ಲಾಟ್ ಓಡಿಸಿದವರು ಯಾರು?"

ಡೆಂಜಿಲ್ ಚಕ್ರಪಾಣಿಯವರ ಮುಖವನ್ನೇ ನೋಡುತ್ತಿದ್ದ. ನಾನಿದ್ದೇನೆ ಎಂದವರ ಮುಖವನ್ನು ನೋಡುವ ಹಾಗೆ.

"ಡೆಂಜಿಲ್ ಶಿಫ್ಟು ಶೇಠ್‌ಜಿ," ಎಂದರು ಚಕ್ರಪಾಣಿ. ಸುಳ್ಳಲ್ಲ. ಶಿಫ್ಟು ಅವನದೇ.

"ಅಚ್ಛಾ," ಎಂದರು ಶೇಠ್. "ಡೆಂಜಿಲ್, ನಾಳೆ ಆಫೀಸಿಗೆ ಬಾ ಬೇಟಾ."

ಡೆಂಜಿಲ್ ಬಾಯಿ ತೆರೆದ. ಚಕ್ರಪಾಣಿಯವರ ಹುಬ್ಬು ಸ್ವಲ್ಪವೇ ಅಲ್ಲಾಡಿತು. ಸುಮ್ಮನಿರು, ಆಮೇಲೆ ಸರಿಮಾಡುತ್ತೇನೆ ಎಂದು ಅದರ ಅರ್ಥ. ಅವನು ಬಾಯಿ ಮುಚ್ಚಿಕೊಂಡ.

ಆಮೇಲೆ ಭಾಷಣ. ಚಕ್ರಪಾಣಿ ಮೈಕಿನ ಮುಂದೆ ನಿಂತು ಟೆಂಟರಿನ ಚರಿತ್ರೆ ಹೇಳಿದರು. ಚೌಕಟ್ಟು, ಬಯಲು, ಕೊಕ್ಕೆ, ಬಟ್ಟೆ ಕದ್ದವನಿಗೆ ನೇಣು, ಮಿಲ್ಲಿನ ಆಳು. ಅಂದು ಎಂದಿಗಿಂತ ಚೆನ್ನಾಗಿ ಮಾತಾಡಿದರು. ಶೇಠ್ ತಲೆದೂಗಿದರು. "ಪ್ರಶ್ನೆಗಳಿದ್ದರೆ ಕೇಳಬಹುದು" ಎಂದಾಗ ಮುಂದಿನ ಸಾಲಿನಲ್ಲಿ ಕೂತಿದ್ದ ಮೇಳದಿಂದ ಡೆಂಜಿಲ್ ಎದ್ದು ನಿಂತ.

"ಸರ್, ಮಿತಿ ಮೀರಿ ಎಳೆದವರಿಗೆ ಏನು ಮಾಡ್ತಿದ್ರು, ಅದು ಬಿಟ್ಟುಹೋಯ್ತು."

ಹಾಲಿನಲ್ಲಿ ಯಾರಿಗೂ ಇದು ವಿಶೇಷವೆನಿಸಲಿಲ್ಲ. ಶಿಷ್ಯ ಗುರುವಿಗೆ ನೆನಪು ಮಾಡಿಕೊಟ್ಟ, ಅಷ್ಟೇ.

"ಸಮಯದ ಅಭಾವ," ಎಂದರು ಚಕ್ರಪಾಣಿ.

ಸೋಮವಾರ ಡೆಂಜಿಲ್ ಶೇಠ್ ಕೋಣೆಯ ಹೊರಗಿನ ಬೆಂಚಿನ ಮೇಲೆ ಮಧ್ಯಾಹ್ನದ ತನಕ ಕೂತಿದ್ದ. ಚಕ್ರಪಾಣಿ ಆ ದಾರಿಯಲ್ಲಿ ಓಡಾಡಬೇಕಾದ ಕೆಲಸಗಳನ್ನೆಲ್ಲ ಇನ್ನೊಬ್ಬರಿಗೆ ಹಚ್ಚಿದರು. ಅವನ ಕೆಲಸ ಹೋಯಿತು. ಕೆಲಸ ಹೋಯಿತು ಎಂದರೆ ಇಲ್ಲಿ ಬರೀ ಕೆಲಸ ಹೋಗುವುದಿಲ್ಲ. ವರ್ಕ್ ಪರ್ಮಿಟ್ ಮಿಲ್ಲಿನ ಹೆಸರಿನಲ್ಲಿ, ಅದೂ ಹೋಗುತ್ತದೆ, ಜೊತೆಗೆ ಈ ಊರೂ. 'ಸರಿಮಾಡುತ್ತೇನೆ' ಎಂದ ಚಕ್ರಪಾಣಿ ಶೇಠ್ ಮುಂದೆ ನಿಂತು, ಹುಡುಗ ಒಳ್ಳೆಯವನು, ಸ್ವಲ್ಪ ಅಜಾಗರೂಕ, ಎಂದರು. ಅವರ ಮಟ್ಟಿಗೆ ಅದೇ ದೊಡ್ಡ ಸಾಹಸ. ಶೇಠ್ "ನಿಮ್ಮ ಮನಸ್ಸು ದೊಡ್ಡದು" ಎಂದು ಬೆನ್ನು ತಟ್ಟಿದರು.

ಡಿಸೆಂಬರಿನಲ್ಲಿ ಊರಿಗೆ ಹೊರಡುವ ಹಿಂದಿನ ದಿನ ಫ್ಲೇವಿಯಾ 'ಸೌತ್ ಸಿ' ಬಡಾವಣೆಯ ಚಕ್ರಪಾಣಿಯವರ ಮನೆಗೆ ಬಂದಳು. ಊರಿನಿಂದ ತಂದು ಇನ್ನೂ ಸ್ಟಿಕರ್ ಕೀಳದ ಕುಕ್ಕರನ್ನು ಇಂದುವಿನ ಕೈಗಿಟ್ಟಳು.

"ಇಟ್ಟುಕೊಳ್ಳಿ ಅಕ್ಕ. ಸರ್ ನಮಗೋಸ್ಕರ ಶೇಠ್ ಹತ್ರ ತುಂಬ ಹೋರಾಡಿದ್ರಂತೆ. ಇವ್ರು ಹೇಳಿದ್ರು."

ಬಾಗಿಲ ಮರೆಯಲ್ಲಿದ್ದ ಚಕ್ರಪಾಣಿ ಅದನ್ನು ಕೇಳಿಸಿಕೊಂಡರು. ಹೊರಗೆ ಬರಲಿಲ್ಲ. ಡೆಂಜಿಲ್ ಹೆಂಡತಿಗೆ ನಿಜ ಹೇಳಿರಲಿಲ್ಲ. ಅದು ಒಳ್ಳೆಯತನವೋ, ಗುರುವಿಗೆ ಕೊಟ್ಟ ಏಟೋ, ತಿಳಿಯಲಿಲ್ಲ. ಅವತ್ತು ಸಂಜೆ ಇಂದು ಕುಕ್ಕರನ್ನು ಅಟ್ಟದ ಮೇಲೆ ಹಾಕಿದಳು.

"ಹೊಸದಲ್ಲೇನೇ? ಉಪಯೋಗಿಸು."

"ನೀವೇ ಉಪಯೋಗಿಸಿ," ಎಂದಳು ಇಂದು.

ಜನವರಿ ಕಳೆದು ಫೆಬ್ರವರಿ ಬಂತು. ಕುರ್ಚಿ ಖಾಲಿಯೇ ಇತ್ತು. 'ಘೋಷಿಸೋಣ, ಘೋಷಿಸೋಣ' ಎನ್ನುತ್ತಿದ್ದ ಶೇಠ್ ಒಂದು ಬೆಳಗ್ಗೆ ಹೇಳಿಕಳಿಸಿದರು: ಹತ್ತು ಗಂಟೆಗೆ ಬರಬೇಕು, ಮುಖ್ಯ ವಿಷಯ. ಚಕ್ರಪಾಣಿ ಮದುವೆಗೆಂದು ಇಟ್ಟಿದ್ದ ಟೈ ಕಟ್ಟಿದರು. ದಾರಿಯಲ್ಲಿ ಜನ ತುಂಬಿದ ಮಟಾಟು ವ್ಯಾನುಗಳ ನಡುವೆ ಕಾರು ಸಿಕ್ಕಿಕೊಂಡಾಗ, ಒಪ್ಪಿಕೊಳ್ಳುವ ಭಾಷಣದ ಮೊದಲ ವಾಕ್ಯವನ್ನು ಗಟ್ಟಿಯಾಗಿ ಹೇಳಿ ನೋಡಿಕೊಂಡರು. ಎರಡನೆಯ ವಾಕ್ಯದಲ್ಲಿ ಟೆಂಟರ್ ಬರುತ್ತಿತ್ತು.

ಮಿಲ್ಲಿನ ಗೇಟಿನಲ್ಲಿ ಒಂದು ಲಾರಿ ನಿಂತಿತ್ತು. ಅದರ ಹಿಂದಿನ ಬಾಗಿಲು ತೆರೆದಿತ್ತು. ಒಳಗೆ ಚಾವಣಿಯ ತನಕ ಹಳದಿ ಶರ್ಟು.

ಶೇಠ್ ಕೋಣೆಯಲ್ಲಿ ಕೂರಿಸಲಿಲ್ಲ. ಮೇಜಿನ ಮೇಲೆ ಒಂದು ಮಗುವಿನ ಶರ್ಟಿತ್ತು, ತೋಳು ಚಾಚಿಕೊಂಡು ಮಲಗಿದ ಹಾಗೆ.

"ಚಕ್ರಪಾಣಿಜಿ," ಎಂದರು ಹಸ್ಮುಖ್‌ಭಾಯಿ, ಎಂದಿಗಿಂತ ಮೆತ್ತಗೆ, ಎಂದಿಗಿಂತ ಹೆಚ್ಚು ನಗುತ್ತ. "ಶಾಲೆಯವರು ಒಂದು ಹೆಸರು ಕೇಳುತ್ತಿದ್ದಾರೆ. ಈ ಲಾಟ್ ಓಡಿಸಿದವರು ಯಾರು?"

"ಡೆಂಜಿಲ್ ಶಿಫ್ಟು..."

"ಡೆಂಜಿಲ್ ಕಾರ್ಕಳದಲ್ಲಿದ್ದಾನೆ. ಇಲ್ಲಿರುವವರ ಹೆಸರು ಬೇಕಂತೆ." ಶೇಠ್ ಶರ್ಟಿನ ತೋಳನ್ನು ಸರಿಯಾಗಿ ಮಡಿಸಿಟ್ಟರು. "ನಿಮ್ಮ ಪರ್ಮಿಟ್ ಯಾವಾಗ ರಿನ್ಯೂವಲ್ ಇದೆ? ಇರಲಿ ಬಿಡಿ. ಹೊರಗೆ ಕೂತಿರಿ, ಕರೆಯುತ್ತೇನೆ."

ಹೊರಗಿನ ಬೆಂಚಿನ ಒಂದು ತುದಿಯಲ್ಲಿ ಶಾಲೆಯಿಂದ ಬಂದ ವಯಸ್ಸಾದ ಮೇಷ್ಟ್ರೊಬ್ಬರು ತೊಡೆಯ ಮೇಲೆ ಇನ್ನೆರಡು ಶರ್ಟು ಇಟ್ಟುಕೊಂಡು ಕೂತಿದ್ದರು. ಚಕ್ರಪಾಣಿ ಇನ್ನೊಂದು ತುದಿಯಲ್ಲಿ ಕೂತರು. ಟೈ ಬಿಗಿಯುತ್ತಿತ್ತು. ಒಳಗಿನಿಂದ ಶೇಠ್ ಫೋನಿನಲ್ಲಿ ನಗುವುದು ಕೇಳಿಸುತ್ತಿತ್ತು.

ಮೇಷ್ಟ್ರು ಮಾತುಗಾರರು. ಟೈ ನೋಡಿ ಸ್ವಲ್ಪ ಹತ್ತಿರ ಸರಿದು ಸ್ವಾಹಿಲಿಯಲ್ಲಿ ಕೇಳಿದರು.

"ನೀವು ಇದೇ ಮಿಲ್ಲಿನವರೇ ಬ್ವಾನಾ? ಬಟ್ಟೆ ಹೀಗೇಕೆ ಆಗುತ್ತದೆ ಅಂತ ನಿಮಗೆ ಗೊತ್ತಿರಬೇಕಲ್ಲ?"

ಇಷ್ಟು ವರ್ಷಗಳಲ್ಲಿ ಆ ಪ್ರಶ್ನೆಯನ್ನು ಯಾರೂ ಅವರಿಗೆ ತಾವಾಗಿ ಕೇಳಿರಲಿಲ್ಲ. ಚಕ್ರಪಾಣಿ ಗಂಟಲು ಸರಿಮಾಡಿಕೊಂಡರು. ಮೇಷ್ಟ್ರ ತೊಡೆಯ ಮೇಲಿನ ಶರ್ಟುಗಳನ್ನು ನೋಡಿದರು, ಮುಚ್ಚಿದ ಬಾಗಿಲನ್ನು ನೋಡಿದರು.

"ಇಲ್ಲ," ಎಂದರು. "ನಾನೂ ಕರೀಲಿ ಅಂತ ಕಾಯ್ತಾ ಇದೀನಿ."